ಬೆಳ್ಳಿ ದರ್ಜೆಯ ಜಮಖಾನಿ

ಗಂಡ ನಜೀರಸಾಬರ ಮೂತ್ರ ಕೆಂಪಗೆ ಬಂದಾಗ ಖಾಜಾಬಿ ಹೆದರಲಿಲ್ಲ. ಹೆದರಬೇಕಿತ್ತು ಎಂಬುದು ಆಮೇಲೆ ಗೊತ್ತಾಯಿತು. ಆದರೆ ನರಗುಂದದ ತವರು ಬಿಟ್ಟು ಗಜೇಂದ್ರಗಡದ ಗುಡ್ಡದ ಬುಡದ ಆ ಓಣಿಗೆ ಸೊಸೆಯಾಗಿ ಬಂದ ಹೊಸತರಲ್ಲಿಯೇ ಅತ್ತೆ ಖತೀಜಾಬಿ ಅವಳನ್ನು ಬಚ್ಚಲ ಬಾಗಿಲಿಗೆ ಕರೆದೊಯ್ದು ಹೇಳಿಬಿಟ್ಟಿದ್ದಳು: "ನೋಡವಾ, ಈ ಮನ್ಯಾಗ ಗಂಡಸರಿಗೆ ಕೆಂಪ ಹಾಕಿದ ದಿನ ಕೆಂಪ ಬರತೈತಿ, ನೀಲಿ ಹಾಕಿದ ದಿನ ಹಸರ ಬರತೈತಿ. ತವರಾಗ ಹೇಳಕೋಂತ ಕುಂದ್ರಬ್ಯಾಡ, ಜಡ್ಡ ಅಂತ ಸುದ್ದಿ ಹಬ್ಬಸ್ತಾರ. ಇದು ಬಣ್ಣದ ಮನಿ."

ಖಾಜಾಬಿ ಆ ಮಾತನ್ನು ಹಾಗೆಯೇ ನಂಬಿದಳು. ನಂಬದೆ ಇರುವುದಕ್ಕೆ ಕಾರಣವೂ ಇರಲಿಲ್ಲ. ಗಂಡನ ಬನೀನಿನ ಕಂಕುಳು ಯಾವಾಗಲೂ ಗುಲಾಬಿ. ಉಗುಳಿದರೆ ಉಗುಳು ಗುಲಾಬಿ. ಮೊಣಕೈವರೆಗೆ ಕೈಗಳು ಕೆಂಪು, ಹಬ್ಬದ ದಿನ ಕಲ್ಲಿಗೆ ತಿಕ್ಕಿ ತೊಳೆದರೂ ಕೆಂಪು. ಇಷ್ಟೆಲ್ಲ ಕೆಂಪಾದ ಮನುಷ್ಯನ ಒಳಗಿನ ನೀರು ಮಾತ್ರ ಹೇಗೆ ಬೆಳ್ಳಗೆ ಇದ್ದೀತು?

ಆ ಮನೆಯಲ್ಲಿ ಹೆಂಗಸರು ಜಮಖಾನಿ ನೇಯುವುದು, ಗಂಡಸರು ನೂಲಿಗೆ ಬಣ್ಣ ಹಾಕುವುದು ಹಿಂದಿನಿಂದ ನಡೆದು ಬಂದ ರೂಢಿ. ಖಾಜಾಬಿ ನಿಲುವಿನ ಮಗ್ಗದ ಮುಂದೆ ಹಲಗೆಯ ಮೇಲೆ ಕುಳಿತು, ಪಂಜಾ ಎಂಬ ಕಬ್ಬಿಣದ ಹಲ್ಲಿನಿಂದ ಹೊಕ್ಕಿನ ಅಡ್ಡ ಎಳೆಗಳನ್ನು ಬಡಿದು ಬಡಿದು ಕೂಡಿಸುತ್ತಿದ್ದಳು. ಹಿತ್ತಲ ಖೋಲಿಯಲ್ಲಿ ನಜೀರಸಾಬರು ತಾಮ್ರದ ಹಂಡೆಯಲ್ಲಿ ನೂಲು ಕುದಿಸುತ್ತಿದ್ದರು. ಆ ಖೋಲಿಗೆ ಕಿಟಕಿ ಇರಲಿಲ್ಲ. ಓಣಿಯ ಧೂಳು ಹಂಡೆಗೆ ಬೀಳಬಾರದು, ಉರಿ ಅಲುಗಾಡಬಾರದು ಎಂದು ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟುಕೊಂಡು ಅವರು ಒಳಗೇ ಇರುತ್ತಿದ್ದರು. ಹಂಡೆಗೆ ಉಪ್ಪು ಎಷ್ಟು ಬಿದ್ದಿದೆ ಎಂದು ನೋಡಲು ಕೋಲಿನ ತುದಿಯನ್ನು ನಾಲಗೆಗೆ ಹಚ್ಚಿಕೊಳ್ಳುತ್ತಿದ್ದರು. ಅಪ್ಪ ಹಾಗೆ ಮಾಡುತ್ತಿದ್ದ, ಅವರೂ ಹಾಗೆ ಮಾಡಿದರು. "ಮಜ್ಜಿಗಿಯಷ್ಟ ಉಪ್ಪಾದ್ರ ಸಾಕು. ಉಪ್ಪಿನಕಾಯಿಯಷ್ಟ ಆದ್ರ ನೂಲು ಬಿರಸ ಆಕೈತಿ" ಎನ್ನುತ್ತಿದ್ದರು.

ಅವರ ಕೆಂಪಿಗೆ ಸುತ್ತ ಹೆಸರಿತ್ತು. ಅಬ್ಬಿಗೇರಿಯ ಲಗ್ನದ ಮನೆಯವರು, ಶಿರೋಳದ ಮಠಕ್ಕೆ ಹಾಸಿಗೆ ಕೊಡುವವರು, ರೋಣದ ವಕೀಲರು, ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು: ಬಿಳೀ ಧೋತರ ಉಟ್ಟು ಕೂತರೂ ಹತ್ತದಂಥ ಕೆಂಪು ಬೇಕು. ನಜೀರಸಾಬರ ಕೆಂಪು ಧೋತರಕ್ಕೆ ಹತ್ತುತ್ತಿರಲಿಲ್ಲ. ನಜೀರಸಾಬರಿಗೆ ಮಾತ್ರ ಹತ್ತಿತ್ತು.

ಗುಡ್ಡದ ಮೇಲೆ ಗಾಳಿಯಂತ್ರಗಳ ಕಂಬ ಏಳತೊಡಗಿದ ವರ್ಷ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಓಣಿಯ ನೇಕಾರ ಹೆಂಗಸರ ಸಂಘಕ್ಕೆ ದೊಡ್ಡ ಕೆಲಸ ಹಿಡಿದು ತಂದರು. ಪರದೇಶದಲ್ಲಿ ಎಲ್ಲೋ ಒಂದು ದೊಡ್ಡ ಕಚೇರಿಯ ಕಟ್ಟಡಕ್ಕೆ ನೆಲದ ತುಂಬ ಹಾಸಲು ದಪ್ಪ ಜಮಖಾನಿ ಬೇಕಂತೆ. ಆದರೆ ಜಮಖಾನಿಯ ಜೊತೆ ಒಂದು ಪ್ರಮಾಣಪತ್ರವೂ ಬೇಕಂತೆ. ಅದು ಏನು, ಹೇಗೆ ಎಂದು ತಿಳಿಸಿ ಹೇಳಲು ಧಾರವಾಡ ಕಡೆಯ ಮಧುರಾ ಎಂಬ ಹುಡುಗಿಯನ್ನು ವ್ಯಾಪಾರಿಯೇ ಕಳಿಸಿದರು. ಕುರ್ಚಿ ಹಾಕಿಕೊಟ್ಟರೂ ಅವಳು ಕೂರಲಿಲ್ಲ, ಮಗ್ಗದ ಪಕ್ಕ ನೆಲದ ಮೇಲೆಯೇ ಕುಳಿತಳು. ಖಾಜಾಬಿಗೆ ಅದು ಹಿಡಿಸಿತು.

"ಈ ಪರೀಕ್ಷಾ ಜಮಖಾನಿ ಚಂದ ಅದೋ ಇಲ್ಲೋ ಅಂತ ನೋಡೂದಿಲ್ರಿ," ಎಂದು ಮಧುರಾ ಶುರು ಮಾಡಿದಳು. "ಅದು ಹುಟ್ಟಿದ್ದು ಹ್ಯಾಂಗ, ಬಾಳೂದು ಹ್ಯಾಂಗ, ಸತ್ತ ಮ್ಯಾಲೆ ಎಲ್ಲಿ ಹೋಗತದ ಅಂತ ನೋಡತದ. ಹತ್ತಿ ಯಾವುದು, ಬಣ್ಣ ಯಾವುದು, ಬಣ್ಣದ ನೀರು ಎಲ್ಲಿ ಚೆಲ್ತೀರಿ, ಉರಿ ಎಷ್ಟು ಹಚ್ತೀರಿ, ನೇಯೋರಿಗೆ ಬೆಳಕು ಗಾಳಿ ಅದನೋ ಇಲ್ಲೋ. ಎಲ್ಲಾದಕ್ಕೂ ಅಂಕ. ಅಂಕ ಕೂಡಿಸಿ ದರ್ಜೆ. ಬೆಳ್ಳಿ, ಬಂಗಾರ, ಅದರ ಮ್ಯಾಲೆ ಇನ್ನೊಂದು. ನಮಗ ಬೆಳ್ಳಿ ಬಂದ್ರ ಸಾಕು."

ಪಕ್ಕದ ಮಗ್ಗದ ತಿಪ್ಪವ್ವ ಲಕ್ಕಲಕಟ್ಟಿಯವಳು, ಮಾತಿಗೆ ಸೋತವಳಲ್ಲ. "ಕನ್ಯಾ ನೋಡಾಕ ಬಂದೋರೂ ಇಷ್ಟ ಕೇಳಂಗಿಲ್ಲ ಬಿಡ್ರಿ ಬಾಯಾರ. ಅವರು ಹುಡುಗಿ ಯಾರ ಮಗಳು, ಏನ್ ಉಂಡ ಬೆಳದಾಳ ಅಂತ ಕೇಳ್ತಾರ. ಸತ್ರ ಎಲ್ಲಿ ಹುಗೀತೀರಿ ಅಂತ ಯಾರೂ ಕೇಳಿಲ್ಲ."

ಹೆಂಗಸರೆಲ್ಲ ನಕ್ಕರು. ಮಧುರಾಳೂ ನಕ್ಕಳು. "ಅದನ್ನೂ ಹೇಳಬೇಕಾಗತದ ರಿ. ನಿಮ್ಮಲ್ಲಿ ಹಳೇ ಜಮಖಾನಿ ಏನ್ ಮಾಡ್ತೀರಿ?"

"ಏನ್ ಮಾಡೂದು? ಹರದ್ರ ಎತ್ತಿನ ಮ್ಯಾಲ ಹೊದಿಸ್ತೀವಿ. ಇನ್ನೂ ಹರದ್ರ ನೆಲ ಒರಸ್ತೀವಿ. ಆಮ್ಯಾಲ ಒಲಿಗಿ ಹಾಕ್ತೀವಿ."

"ಒಲಿಗೆ ಅನ್ನೂದೊಂದು ಬಿಟ್ಟು ಉಳದದ್ದು ಬರ್ಕೋತೀನಿ," ಎಂದಳು ಮಧುರಾ.

ಖಾಜಾಬಿ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಕೈ ನೂಲಿನಲ್ಲಿ, ಕಿವಿ ಆ ಹುಡುಗಿಯ ಕಡೆ. ಪ್ರಮಾಣಪತ್ರದಲ್ಲಿಯೂ ಬೇರೆ ಬೇರೆ ತರಹ ಇವೆ ಎಂದು ಮಧುರಾ ಹೇಳುತ್ತಿದ್ದಳು. ಒಂದು ತರಹದ್ದು ಜಮಖಾನಿಯ ವಾಸನೆ ಒಂದನ್ನೇ ನೋಡುತ್ತದೆ. ಒಂದು ತುಂಡು ಕತ್ತರಿಸಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಗಾಳಿಯಲ್ಲಿ ಏನೇನು ಸೇರಿದೆ ಎಂದು ಅಳೆಯುತ್ತಾರೆ. ಇನ್ನೊಂದು ತರಹದ್ದು ಹುಟ್ಟಿನಿಂದ ಕೊನೆಯವರೆಗೆ ಎಲ್ಲವನ್ನೂ ನೋಡುತ್ತದೆ. ಗಿರಾಕಿ ಕೇಳಿದ್ದು ಎರಡನೆಯದು.

"ಮುಚ್ಚಿದ ಪೆಟಿಗ್ಯಾಗ ಯಾಕ ಇಡ್ತಾರವಾ?" ಎಂದು ಖಾಜಾಬಿ ಕೇಳಿದಳು.

"ಆ ದೇಶದ ಕಚೇರಿಗೆ ಕಿಟಕಿ ತಗ್ಯೂದಿಲ್ರಿ ಅಮ್ಮಾ. ತಂಪಿನ ಮಷೀನು ಹಚ್ಚಿ ಎಲ್ಲಾ ಮುಚ್ಚಿರ್ತಾರ. ದಿನಾ ಅಲ್ಲೇ ಕೂತು ಕೆಲಸ ಮಾಡೋರು ಜಮಖಾನಿ ಬಿಟ್ಟ ಗಾಳೀನ ಕುಡೀಬೇಕು. ಅವರಿಗೆ ತ್ರಾಸ ಆಗಬಾರದಲ್ಲ?"

ಖಾಜಾಬಿ ತಲೆಯಾಡಿಸಿದಳು. ಹಿತ್ತಲಿನಿಂದ ನಜೀರಸಾಬರು ಕೆಮ್ಮುವುದು ಕೇಳುತ್ತಿತ್ತು. ಗೋಣಿತಟ್ಟಿನ ಅಂಚಿನಿಂದ ಉಗಿ ಹೊರಬರುತ್ತಿತ್ತು.

ಮಧ್ಯಾಹ್ನ ಮಧುರಾ ಬಣ್ಣದ ಖೋಲಿ ನೋಡಲು ಹೋದಳು. ನಜೀರಸಾಬರಿಗೆ ಹಿಗ್ಗು. ತಲೆಗೆ ಟೊಪ್ಪಿಗೆ ಏರಿಸಿಕೊಂಡು, ಹಂಡೆ ತೋರಿಸಿ, ಕೋಲು ಎತ್ತಿ ನಾಲಗೆಗೆ ಹಚ್ಚಿಕೊಂಡರು. ಮಧುರಾ ಅವರ ಕೈ ಹಿಡಿದುಬಿಟ್ಟಳು.

"ಅಜ್ಜಾರ, ಬ್ಯಾಡ್ರಿ. ಅದನ್ನ ಬಾಯಿಗೆ ಹಚ್ಚಬ್ಯಾಡ್ರಿ."

"ಯಾಕವಾ, ನಿಮ್ಮ ಪರೀಕ್ಷಾದಾಗ ನಾಲಿಗಿಗೆ ಅಂಕ ಇಲ್ಲೇನು?" ನಜೀರಸಾಬರು ನಕ್ಕರು. ಹಲ್ಲಿನ ಸಂದು ಗುಲಾಬಿಯಾಗಿತ್ತು.

ಪುಡಿ ಎಲ್ಲಿಯದು ಎಂದು ಅವಳು ಕೇಳಿದಳು. ಪೇಟೆಯ ಅಂಗಡಿಯದು, ಬಿಡಿಯಾಗಿ ಮಾರುವ ಪುಡಿ, ಹಾಳೆಯಲ್ಲಿ ಕಟ್ಟಿ ಕೊಡುತ್ತಾರೆ. ಹೆಸರಿಲ್ಲ, ಗುರುತಿಲ್ಲ. ಮಧುರಾ ಚಿಟಿಕೆ ಪುಡಿಯನ್ನೂ ಒಂದು ಲಡಿ ಕೆಂಪು ನೂಲನ್ನೂ ಚೀಲದಲ್ಲಿ ಹಾಕಿಕೊಂಡಳು. ಪರೀಕ್ಷೆಯ ಫಲ ಬರುವವರೆಗೆ ಯಾವ ಬಣ್ಣವನ್ನೂ ಹಾಕಬೇಡಿ ಎಂದಳು. ಸಂಘದ ಕೆಲಸ ಕೆಡಬಾರದೆಂದು ನಜೀರಸಾಬರು ಒಪ್ಪಿದರು. ಒಪ್ಪಿದರೂ ಮುಖ ಸಪ್ಪಗಾಯಿತು. ಹಂಡೆ ತೊಳೆದು ಬೋರಲು ಹಾಕಿ, ಅದರ ಮೇಲೆಯೇ ಕುಳಿತು ಬೀಡಿ ಹಚ್ಚಿದರು. ಮದುವೆಯಾದಂದಿನಿಂದ ಆ ಹಂಡೆ ಬೋರಲಾಗಿದ್ದನ್ನು ಖಾಜಾಬಿ ನೋಡಿದ್ದು ಮನೆಯಲ್ಲಿ ಸಾವಾದ, ಮೈಯತ್ತಿನ ದಿನಗಳಲ್ಲಿ ಮಾತ್ರ.

ಹಂಡೆ ಬೋರಲಾಗಿ ವಾರ ಕಳೆಯಿತು, ಇನ್ನೂ ಕಳೆಯಿತು. ಉಗುರಿನ ಸಂದಿನದು ಬಿಟ್ಟರೆ ಕೈಗಳ ಕೆಂಪು ತೆಳುವಾಯಿತು. ಬನೀನಿನ ಕಂಕುಳು ಬೆಳ್ಳಗಾಯಿತು. ಬಚ್ಚಲಿನಲ್ಲಿ ಮಾತ್ರ ಕೆಂಪು ನಿಲ್ಲಲಿಲ್ಲ. ನೀರು ಸುರಿಯುತ್ತ ಖಾಜಾಬಿ ಒಂದು ದಿನ ಕೇಳಿಯೇ ಬಿಟ್ಟಳು: "ರೀ, ಹಂಡೇವಿಗೆ ಬೆಂಕಿ ಹಚ್ಚಿಲ್ಲ. ಇನ್ನೂ ಕೆಂಪ ಹೊಂಟೈತಲ್ಲ?"

"ಒಂದ ಜಲ್ಮದ ಬಣ್ಣ ಅದು. ಒಮ್ಮೆಲೆ ಹೆಂಗ ಇಳದೀತು? ಇಳೀಲಿ ಬಿಡು."

ಅವಳಿಗೆ ಅದು ಸರಿ ಅನ್ನಿಸಿತು. ಒಳಗೊಳಗೆ ಸಮಾಧಾನವೂ ಆಯಿತು. ಹಳೆಯ ನೂಲನ್ನು ಹರಿಯುವ ನೀರಿನಲ್ಲಿ ಇಟ್ಟರೆ ಹೆಚ್ಚಿನ ಬಣ್ಣ ಬಿಟ್ಟುಹೋಗಿ ನೂಲು ಹಗುರಾಗುತ್ತದೆ. ಇವರೂ ಹಾಗೆ ಹಗುರಾಗುತ್ತಿದ್ದಾರೆ ಅಂದುಕೊಂಡಳು. ನಜೀರಸಾಬರು ನಿಜವಾಗಿಯೂ ಹಗುರಾಗುತ್ತಿದ್ದರು. ಪೈಜಾಮದ ಲಾಡಿ ಇನ್ನಷ್ಟು ಬಿಗಿಯಬೇಕಾಗುತ್ತಿತ್ತು.

ಮಧುರಾ ಫಲ ಹಿಡಿದು ಬಂದಾಗ ಮಗ್ಗಗಳ ಸದ್ದು ನಿಂತಿತು. "ಕೆಂಪು ನಪಾಸು," ಎಂದಳು. "ಈ ಜಾತಿ ಬಣ್ಣ ಮೈಯಾಗ ಹೋಗಿ ಒಡದ್ರ ಒಂದು ವಿಷ ಹುಟ್ಟತದ. ಅದಕ್ಕ ಯಾವ ಪ್ರಮಾಣಪತ್ರದವರೂ ಅದನ್ನ ಒಪ್ಪೂದಿಲ್ಲ."

"ಜಮಖಾನಿ ಮ್ಯಾಲ ಅಡ್ಡಾಡೋರಿಗೆ ಏನಾಕೈತಿ?" ತಿಪ್ಪವ್ವ ಕೇಳಿದಳು.

"ಅಡ್ಡಾಡೋರಿಗೆ ಅಷ್ಟಿಲ್ಲ ರಿ. ವರ್ಷಗಟ್ಟಲೆ ಆ ಪುಡಿಯೊಳಗ, ಉಗಿಯೊಳಗ ಕೆಲಸ ಮಾಡೋರಿಗೆ." ಮಧುರಾ ಖಾಜಾಬಿಯ ಮುಖ ನೋಡಿ ಮೆತ್ತಗೆ ಹೇಳಿದಳು. "ಉಚ್ಚಿ ನಿಲ್ಲೂ ಚೀಲದಾಗ ಗಡ್ಡಿ ಆಗತದ. ಕ್ಯಾನ್ಸರ್."

ಖಾಜಾಬಿ ಪಂಜಾ ಕೆಳಗಿಟ್ಟಳು. "ಆ ಜಡ್ಡಿಗೆ ಉಚ್ಚಿ ಕೆಂಪ ಬರತೈತೇನು?"

"ರಕ್ತ ಹೋಗತದ ರಿ ಅಮ್ಮಾ. ನೋವು ಇರೂದಿಲ್ಲ ಮೊದಲ, ಬರೇ ರಕ್ತ. ಯಾಕ್ರಿ?"

ಖಾಜಾಬಿ ಅದನ್ನು ಬಿಟ್ಟು ಇನ್ನೊಂದು ಮಾತು ಕೇಳಿದಳು. "ಈ ಬಣ್ಣ ಹಿಂಗ ಅಂತ ನಿಮಗ ಯಾವಾಗ ಗೊತ್ತಾತು?"

"ಭಾಳ ವರ್ಷದ ಹಿಂದೇ ಗೊತ್ತದ. ನಮ್ಮ ದೇಶದಾಗ ಬಂದ್ ಮಾಡೇ ಹತ್ತು ವರ್ಷದ ಮ್ಯಾಲಾತು."

"ಬಂದ್ ಆದದ್ದು ಹಾಳ್ಯಾಗ ಕಟ್ಟಿ ಕೊಡಾಕ ಹೆಂಗ ಸಿಗತೈತವಾ?"

ಮಧುರಾ ಫಲದ ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟಳು.

ಖಾಜಾಬಿ ಆ ದಿನ ಗಂಡನಿಗೆ ಏನೂ ಹೇಳಲಿಲ್ಲ. ಬಾಯಿಮಾತಿಗೆ ಅವರು ಒಪ್ಪುವವರಲ್ಲ, ನಕ್ಕು ತಳ್ಳಿಹಾಕುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಮರುದಿನ ಮುಂಜಾನೆ ಬಣ್ಣ ಕಾಣದ ಬಿಳಿ ನೂಲಿನ ಒಂದು ಎಳೆ ಕತ್ತರಿಸಿಕೊಂಡಳು. ಅವರು ಬಚ್ಚಲಿನಿಂದ ಹೊರಬಂದ ಮೇಲೆ, ನೀರು ಸುರಿಯುವ ಮೊದಲು, ಆ ಎಳೆಯನ್ನು ಅಲ್ಲಿ ನಿಂತ ಕೆಂಪಿನಲ್ಲಿ ಅದ್ದಿ ಹಿತ್ತಲ ತಂತಿಗೆ ಹಾಕಿದಳು. ಪಕ್ಕದಲ್ಲಿ ಹಳೆಯ ಕೆಂಪು ನೂಲಿನ ಒಂದು ಎಳೆಯನ್ನೂ ತೋಯಿಸಿ ಹಾಕಿದಳು. ಬಿಸಿಲು ಏರಿತು. ಅವಳು ಮಗ್ಗಕ್ಕೆ ಹೋಗಲಿಲ್ಲ, ಹಿತ್ತಲ ಕಟ್ಟೆಯ ಮೇಲೆ ಕುಳಿತು ಎರಡೂ ಎಳೆ ನೋಡುತ್ತಿದ್ದಳು. ಹಳೆಯ ನೂಲು ಒಣಗಿ ಮೊದಲಿನ ಕೆಂಪಿಗೇ ಬಂತು. ಇನ್ನೊಂದು ಮೊದಲು ಮಂಕಾಯಿತು, ಆಮೇಲೆ ಒಣಗಿದ ರಕ್ತದ ಹಾಗೆ ಕಾಚಿನ ಬಣ್ಣಕ್ಕೆ ತಿರುಗಿತು.

ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಗಂಡನ ಮುಂದೆ ಹಿಡಿದಳು. ಎಲ್ಲಿಯದು, ಏನು ಎಂದು ಹೇಳಿದಳು. ನಜೀರಸಾಬರು ನಗಲಿಲ್ಲ. ಎಳೆಯನ್ನು ಬೆಳಕಿಗೆ ಹಿಡಿದರು, ಬೆರಳಿನಿಂದ ಹೊಸೆದರು, ಮೂಸಿ ನೋಡಿದರು. ನಾಲಗೆಯವರೆಗೆ ಒಯ್ದ ಕೈ ಅಲ್ಲಿಯೇ ನಿಂತಿತು.

"ಇದು ನನ್ನ ಬಣ್ಣ ಅಲ್ಲ," ಎಂದರು.

ಎಳೆಯನ್ನು ಅವಳ ಅಂಗೈಗೆ ತಿರುಗಿ ಇಟ್ಟು, ಅಪ್ಪನನ್ನು ನೆನೆದು ಕೇಳಿದರು, "ಅಬ್ಬಾಗೂ ಹಿಂಗ ಇತ್ತಲ್ಲ?"

"ಅತ್ತಿ ಹೇಳ್ತಿದ್ರು."

"ಅಂವ ಒಣಗಿ ಒಣಗಿ ಸತ್ತ. ಕ್ಷಯ ಅಂದ್ವಿ."

ಹುಬ್ಬಳ್ಳಿಯ ದೊಡ್ಡ ದವಾಖಾನಿಗೆ ಅವರಿಬ್ಬರೇ ಬಸ್ಸಿನಲ್ಲಿ ಹೋದರು. ಡಾಕ್ಟರು ಕೆಲಸ ಏನು ಎಂದು ಮೊದಲು ಕೇಳಿದರು. ಬಣ್ಣ ಎಂದು ಕೇಳಿದ ಮೇಲೆ ಅವರ ದನಿ ಬದಲಾಯಿತು. ಯಾವಾಗಿನಿಂದ ಕೆಂಪು ಬರುತ್ತಿದೆ ಎಂದು ಕೇಳಿದರು. ಅದನ್ನೇ ಹೇಳಲು ಆಗಲಿಲ್ಲ. ಯಾವ ದಿನದ ಕೆಂಪು ಹಂಡೆಯದು, ಯಾವ ದಿನದ ಕೆಂಪು ಮೈಯದು ಎಂದು ಗಂಡನಿಗೂ ಗೊತ್ತಿರಲಿಲ್ಲ, ಹೆಂಡತಿಗೂ ಗೊತ್ತಿರಲಿಲ್ಲ. ಕೊಳವೆ ಹಾಕಿ ನೋಡಿದರು, ಚಿತ್ರ ತೆಗೆದರು. ಗಡ್ಡೆ ಚೀಲ ದಾಟಿ ಎಲುಬಿಗೆ ಹೋಗಿತ್ತು. ಮೊದಲೇ ಬಂದಿದ್ದರೆ ಚೀಲ ತೆಗೆದು ಉಳಿಸಬಹುದಿತ್ತು ಎಂದರು ಡಾಕ್ಟರು. "ಮೊದಲ ಅಂದ್ರ ಯಾವಾಗ್ರಿ?" ಎಂದು ಖಾಜಾಬಿ ಕೇಳಿದಳು. "ರಕ್ತ ಕಂಡ ಕೂಡ್ಲೆ," ಎಂದರು ಅವರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗಿನ ಬಾಕಿನ ಮೇಲೆ ಕುಳಿತಳು. ರಕ್ತವನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಕಂಡು ನೀರು ಸುರಿದಿದ್ದಳು.

ನೋವಿನ ಗುಳಿಗೆ ಕಟ್ಟಿಸಿಕೊಂಡು ತಿರುಗಿ ಬಂದರು.

ಸಂಘದ ಕೆಲಸ ನಿಲ್ಲಲಿಲ್ಲ. ದೂರದ ಗಿರಣಿಯೊಂದರಿಂದ ಬಣ್ಣ ಹಾಕಿದ ನೂಲೇ ಬಂತು, ಅದಕ್ಕೆ ಅದರದೇ ಪ್ರಮಾಣಪತ್ರ. ಖಾಜಾಬಿಯೂ ನೇಯ್ದಳು. ನಡುಮನೆಯ ಮಂಚದ ಮೇಲೆ ನಜೀರಸಾಬರು, ಆಚೆ ಗೋಡೆಗೆ ಮಗ್ಗ. ಹೊಸ ನೂಲಿನ ಲಡಿ ಬಿಚ್ಚಿದಾಗೆಲ್ಲ ಅವರು ಒಂದು ಎಳೆ ಕೇಳಿ ಇಸಿದುಕೊಂಡು ನೋಡುತ್ತಿದ್ದರು. "ಕೆಂಪ ಚಲೋ ಐತಿ. ಆದ್ರ ಒಳಗ ಇಳದಿಲ್ಲ, ಮ್ಯಾಲ ಕುಂತೈತಿ," ಎನ್ನುತ್ತಿದ್ದರು. ನೋವು ಹೆಚ್ಚಾದಾಗ ಪಂಜಾದ ಸದ್ದನ್ನು ಅವರಿಗೆ ತಡೆಯಲಾಗುತ್ತಿರಲಿಲ್ಲ. ಆಗ ಖಾಜಾಬಿ ಬೆರಳಿನಿಂದಲೇ ಹೊಕ್ಕು ಕೂಡಿಸುತ್ತಿದ್ದಳು.

ಕಡೆಯ ತಪಾಸಣೆಗೆ ಪುಣೆಯಿಂದ ಸುಮೇಧ ಎಂಬ ಅಧಿಕಾರಿ ಬರುವವನಿದ್ದ. ಹಿಂದಿನ ದಿನ ತಿಪ್ಪವ್ವ ಖಾಜಾಬಿಯ ಹತ್ತಿರ ಬಂದು ಕುಳಿತಳು. ನೆಲದ ಮೇಲಿನ ನೂಲಿನ ಚೂರು ಆರಿಸುತ್ತ ಮಾತು ತೆಗೆದಳು.

"ಅಕ್ಕಾ, ನಾಳೆ ಅಂವ ಕೇಳಿದ್ರ ಏನ್ ಹೇಳ್ತಿ?"

"ಕೇಳಿದ್ದಕ್ಕ ಹೇಳ್ತೀನಿ."

"ಅಣ್ಣಾರ ಸುದ್ದಿ ತಗದ್ರ ದರ್ಜೆ ಕೊಡತಾನೋ ಇಲ್ಲೋ. ಎಲ್ಲಾರ ಮಗ್ಗ ನಿಂತಾವು ಅಂತ ಅಂಜಿಕಿ. ನಾ ಹೇಳಬ್ಯಾಡ ಅನ್ನಂಗಿಲ್ಲ. ಅನ್ನಾಕ ನನಗ ಮಾರಿ ಇಲ್ಲ."

"ಸುಳ್ಳ ಹೇಳಂಗಿಲ್ಲ ತಿಪ್ಪವ್ವ. ಹೆಚ್ಚಿಂದೂ ಹೇಳಂಗಿಲ್ಲ."

ಸುಮೇಧ ಬಂದ. ಹಿಂದಿಯಲ್ಲಿ ಕೇಳುತ್ತಿದ್ದ, ಮಧುರಾ ಕನ್ನಡದಲ್ಲಿ ಹೇಳುತ್ತಿದ್ದಳು. ಮಗ್ಗಗಳ ಮೇಲಿನ ಬೆಳಕು ನೋಡಿದ, ನೀರಿನ ಚರಂಡಿ ನೋಡಿದ. ಬಣ್ಣದ ಖೋಲಿಗೆ ಹೊಸದಾಗಿ ಕಿಟಕಿ ಒಡೆದು, ಸುಣ್ಣ ಹೊಡೆದು, ನೂಲು ಇಡುವ ಜಾಗ ಮಾಡಿದ್ದರು. ಅವನು ಒಳಗೆ ನಿಂತು ಉಸಿರೆಳೆದು ನೋಡಿ, ಗಾಳಿ ಚೆನ್ನಾಗಿದೆ ಎಂದ. ಬಳಿಕ ಕೇಳಿದ, ಇಲ್ಲಿ ಬಣ್ಣದ ಕೆಲಸ ಯಾರು ಮಾಡುತ್ತಾರೆ?

"ಈಗ ಯಾರೂ ಮಾಡಂಗಿಲ್ಲ," ಎಂದಳು ಖಾಜಾಬಿ. "ಮಾಡಿದವರು ನಡುಮನ್ಯಾಗ ಮಲಗ್ಯಾರ."

ಮಧುರಾ ಅದನ್ನು ಹಿಂದಿಗೆ ತಿರುಗಿಸಲು ತಡವರಿಸಿದಳು. ಖಾಜಾಬಿ ತಾನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದಳು. ಸುಮೇಧ ಬೂಟು ಬಿಚ್ಚಿ ಒಳಗೆ ಬಂದು ಮಂಚದ ಬದಿಗೆ ಕುಳಿತ. ನಜೀರಸಾಬರು ಎಲುಬಿನ ಹಂದರವಾಗಿದ್ದರು. ಅವನ ಕೈಚೀಲ ನೋಡಿ, ಮಧುರಾಳ ಕಡೆ ಕಣ್ಣು ಹೊರಳಿಸಿದರು.

"ಕೇಳವಾ ಸಾಹೇಬ್ರನ್ನ. ನನಗ ಯಾವ ದರ್ಜೆ ಕೊಡ್ತಾರ? ಬೆಳ್ಳೀನೋ, ಬಂಗಾರನೋ?"

ಅವರೊಬ್ಬರೇ ನಕ್ಕರು, ಆ ನಗುವಿನಿಂದ ಮೈ ನೊಂದು ಕಣ್ಣು ಮುಚ್ಚಿದರು. ಸುಮೇಧ ಇವರ ಸಂಗತಿಯನ್ನು ಬರೆಯುತ್ತೇನೆ ಎಂದ. ಬರೆದರೆ ಏನಾಗುತ್ತದೆ ಎಂದು ಖಾಜಾಬಿ ಕೇಳಿದಳು. ಈ ಪರೀಕ್ಷೆ ಈಗ ಮಾಡುವ ಮಾಲಿನದು, ಹಿಂದಿನದಕ್ಕೆ ಇದರಲ್ಲಿ ಜಾಗ ಇಲ್ಲ, ಆದರೂ ಬರೆಯುತ್ತೇನೆ ಎಂದು ಅವನು ಮುಚ್ಚುಮರೆ ಇಲ್ಲದೆ ಹೇಳಿದ. ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ಖಾಜಾಬಿ ನೆನಪಿಟ್ಟುಕೊಂಡಳು.

ಬೆಳ್ಳಿ ದರ್ಜೆ ಬಂತು. ಮಧುರಾ ಪತ್ರ ತಂದು ಮಗ್ಗದ ಮೇಲಿನ ಗೂಟಕ್ಕೆ ತೂಗುಹಾಕಿದಳು. ಜಮಖಾನಿಗಳು ಸುರುಳಿಯಾಗಿ ಲಾರಿ ಏರಿ ಹೋದವು. ತಿಪ್ಪವ್ವ ಸಕ್ಕರೆ ಹಂಚಿದಳು. ಖಾಜಾಬಿ ಒಂದು ಚಿಟಿಕೆ ಸಕ್ಕರೆಯನ್ನು ಗಂಡನ ತುಟಿಗೆ ಹಚ್ಚಿದಳು. ಅವರು ನಾಲಗೆ ಹೊರಗೆ ಹಾಕಿ ರುಚಿ ನೋಡಿದರು. ಅದು ಹಂಡೆಯ ಕೋಲಿನ ರುಚಿ ನೋಡುವ ರೀತಿಯೇ ಆಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮುಂಜಾನೆ ನಮಾಜಿನ ಕೂಗಿನ ನಂತರ ನಜೀರಸಾಬರು ತೀರಿಕೊಂಡರು. ಮಸೂತಿಯಿಂದ ಗೌಸುಸಾಬರು ಇಬ್ಬರನ್ನು ಕರೆದುಕೊಂಡು ಮೈ ತೊಳೆಯಲು ಬಂದರು. ಹಿತ್ತಲಲ್ಲಿ ಪರದೆ ಕಟ್ಟಿ ನೀರು ಕಾಯಿಸಿದರು. ಖಾಜಾಬಿ ಈಚೆ ಗೋಡೆಗೆ ಒರಗಿ ನೀರು ಹರಿಯುವ ಸದ್ದು ಕೇಳುತ್ತಿದ್ದಳು. ಮೋರಿಯಲ್ಲಿ ಹರಿದು ಬಂದ ನೀರು ತಿಳಿಯಾಗಿತ್ತು.

ಗೌಸುಸಾಬರು ಪರದೆ ಸರಿಸಿ ಹೊರಗೆ ಬಂದರು. ತೋಳು ತೋಯ್ದಿತ್ತು.

"ಖಾಜಾಬಿ, ಉಗುರಿನ ಸಂದ್ಯಾಗ ರಕ್ತ ಹೆಪ್ಪುಗಟ್ಟೈತಿ. ಎಷ್ಟ ತಿಕ್ಕಿದ್ರೂ ಹೋಗವಲ್ದು. ರಕ್ತ ಅಂದ್ರ ಮೈಲಿಗಿ, ಅದನ್ನ ಹಂಗ ಬಿಟ್ಟು ಕಫನ್ ಬಟ್ಟಿ ಸುತ್ತಾಕ ಬರಂಗಿಲ್ಲ."

ಖಾಜಾಬಿ ಎದ್ದು ಪರದೆಯ ಒಳಗೆ ಹೋದಳು. ಗಂಡನ ಬಲಗೈ ಎತ್ತಿ ಉಗುರುಗಳನ್ನು ಬೆಳಕಿನ ಕಡೆ ತಿರುಗಿಸಿದಳು. ಒಂದೊಂದನ್ನೂ ನೋಡಿದಳು, ಅವಸರ ಮಾಡಲಿಲ್ಲ. ಸೆರಗಿನ ತುದಿ ಒದ್ದೆ ಮಾಡಿ ಒರೆಸಿ ಮತ್ತೆ ನೋಡಿದಳು. ಕೆಂಪು ಕೆಂಪಾಗಿಯೇ ಇತ್ತು, ಕಾಚಿನ ಬಣ್ಣಕ್ಕೆ ತಿರುಗಿರಲಿಲ್ಲ. ಆಮೇಲೆ ಕೈಯನ್ನು ಎದೆಯ ಮೇಲೆ ಇಟ್ಟಳು.

"ಸುತ್ರಿ," ಎಂದಳು. "ಇದು ರಕ್ತ ಅಲ್ಲ. ಬಣ್ಣ."